ಖುಷಿಯೂ ಆಗುತ್ತೆ, ಸಿಟ್ಟೂ ಬರುತ್ತೆ: ಪೇಪರ್ ಓದಿದ ಮೇಲೆ ನಿಮಗೂ ಹೀಗೇನಾ?

ತುಮಕೂರು ಪ್ಯಾಸೆಂಜರ್

ಬೆಳಗ್ಗೆ ಪೇಪರ್ ಮಡಚಿಟ್ಟ ಮೇಲೆ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. ಪೂರ್ತಿ ಸಿಟ್ಟು ಬಂದರೆ ಪರವಾಗಿಲ್ಲ, ನಾಲ್ಕು ಮಾತು ಬೈದು ಕೆಲಸಕ್ಕೆ ಹೋಗಬಹುದು. ಎರಡೂ ಒಟ್ಟಿಗೆ ಬಂದಾಗಲೇ ತಲೆಬಿಸಿ.

ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಫ್ರೀ ಪ್ರಯಾಣ ಕೊಡುವ ಶಕ್ತಿ ಯೋಜನೆಯನ್ನೇ ತಗೊಳ್ಳಿ. 2023ರ ಜೂನ್ 11ರಂದು ಶುರುವಾದಾಗ ನಾನು ವಿರೋಧ ಮಾಡಿದವನು. ಸಾರಿಗೆ ನಿಗಮಗಳ ಪರಿಸ್ಥಿತಿ ಮೊದಲೇ ಅಷ್ಟಕ್ಕಷ್ಟೇ, ಅದರ ಮೇಲೆ ಇದು ಬೇರೆ ಯಾಕೆ ಅಂತ. ಈಗಲೂ ನನ್ನ ವಾದ ಅದೇ. 2025ರ ಜನವರಿ 5ರಿಂದ ಟಿಕೆಟ್ ದರ ಶೇ 15 ಏರಿತು. ಏರಿದ ದುಡ್ಡು ಕೊಡುವವನು ನಾನು, ದಾಬಸ್‌ಪೇಟೆ ದಾಟಿದರೂ ನಿಂತೇ ಇರುವವನೂ ನಾನೇ.

ಆದರೆ ಮನೆಯಲ್ಲಿ ಅಮ್ಮ ಇದ್ದಾರೆ. ಮೊದಲೆಲ್ಲ ತಿಪಟೂರಿನ ಚಿಕ್ಕಮ್ಮನ ಮನೆಗೆ ಹೋಗಬೇಕೆಂದರೆ ಅಮ್ಮನಿಗೆ ಒಂದು ಕಾರಣ ಬೇಕಿತ್ತು. ನಾಮಕರಣ, ಸೀಮಂತ, ಇಲ್ಲಾಂದ್ರೆ ಯಾರಿಗಾದರೂ ಹುಷಾರಿರಬಾರದು. ಅಪ್ಪ ಕೆಟ್ಟವರಲ್ಲ. ಸಂಬಳ ಕಡಿಮೆ ಇತ್ತು, ಹಾಗಾಗಿ "ಈಗ್ಯಾಕೆ?" ಅನ್ನೋ ಪ್ರಶ್ನೆ ತಾನಾಗೇ ಬರುತ್ತಿತ್ತು. ಈಗ ಅಮ್ಮ "ಸಾರು ಮಾಡಿಟ್ಟಿದ್ದೀನಿ, ಸಂಜೆ ಬರ್ತೀನಿ" ಅಂತ ಹೇಳಿ ಹೊರಟೇ ಬಿಡುತ್ತಾರೆ. ಆಧಾರ್ ಕಾರ್ಡನ್ನು ಮೊಬೈಲ್ ಕವರಿನ ಹಿಂದೆ ಸಿಕ್ಕಿಸಿಕೊಂಡಿದ್ದಾರೆ. ಕಂಡಕ್ಟರ್ ಹತ್ತಿರ ಬರುವ ಮುಂಚೆಯೇ ಮೊಬೈಲ್ ಬೋರಲು ಹಿಡಿದು ರೆಡಿ. ಚೆಕಿಂಗ್ ಬಂದರೆ ಇರಲಿ ಅಂತ ಆ ಶೂನ್ಯ ಟಿಕೆಟನ್ನು ಮನೆಗೆ ಬರುವವರೆಗೂ ಮುಷ್ಟಿಯಲ್ಲೇ ಹಿಡಿದಿರುತ್ತಾರೆ. ಬರುವಾಗ ಚೀಲದಲ್ಲಿ ಕೊಬ್ಬರಿ, ಬಾಯಲ್ಲಿ ಅಲ್ಲಿನ ಎಲ್ಲಾ ಸುದ್ದಿ.

2025ರ ಜುಲೈನಲ್ಲಿ 500 ಕೋಟಿ ಪ್ರಯಾಣ ಆಯ್ತು ಅಂತ ಮುಖ್ಯಮಂತ್ರಿಗಳೇ ಟಿಕೆಟ್ ಹರಿದು ಕೊಟ್ಟ ಫೋಟೋ ಬಂತಲ್ಲ, ಅದನ್ನು ನೋಡಿ ನಗಬೇಕೋ ಗೊಣಗಬೇಕೋ ತಿಳಿಯಲಿಲ್ಲ.

ನಿಮಗೂ ಇಂಥದ್ದು ಇದ್ದರೆ ಬರೆಯಿರಿ. ದಿನದ ಸಣ್ಣ ಖುಷಿ ಯಾವುದು, ಯಾವ ಸುದ್ದಿ ಎರಡೂ ಕಡೆ ಎಳೆಯಿತು. ಪಕ್ಷದ ಜಗಳ ಮಾತ್ರ ಬೇಡ, ಅದಕ್ಕೆ ಟಿವಿ ಇದೆ.

ಬಸವನಗುಡಿ ಆಂಟಿ

ನನ್ನ ಸಲಹೆ ಸುಲಭ. ನ್ಯೂಸ್ ಬಂದ್ ಮಾಡಿ. ನಾನು ಮಾಡಿದ್ದೀನಿ, ಬಿಪಿ ಕಂಟ್ರೋಲಿಗೆ ಬಂದಿದೆ.

ಸಣ್ಣ ಖುಷಿ ಅಂದ್ರೆ ನನಗೆ ಡಿಸೆಂಬರ್, ಜನವರಿ. ಸೊಗಡು ಅವರೆಕಾಯಿ ಬರೋ ಕಾಲ. ರಾತ್ರಿ ಕಾಳು ನೆನೆಸಿಟ್ಟು, ಬೆಳಗ್ಗೆ ನಾನೂ ಅತ್ತೆಯೂ ದೊಡ್ಡ ಪಾತ್ರೆ ಇಟ್ಟುಕೊಂಡು ಹಿತುಕುತ್ತಾ ಕೂರೋದು. ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಪಟಕ್ ಅಂತ ಹಾರಿ ಒಂದೊಂದು ಸಲ ಅತ್ತೆಯ ಕನ್ನಡಕಕ್ಕೇ ಬೀಳುತ್ತೆ. ಆ ಒಂದು ಗಂಟೆ ನಾವಿಬ್ಬರೂ ಜಗಳ ಆಡೋದಿಲ್ಲ. ಮೊದಲು ಆ ಹೊತ್ತಲ್ಲಿ ಟಿವಿ ಹಾಕ್ತಿದ್ವಿ. ಅವರು ಒಂದು ಪಕ್ಷ, ನಾನು ಇನ್ನೊಂದು. ಬೇಳೆ ಅರ್ಧದಲ್ಲೇ ಬಿಟ್ಟು ಎದ್ದು ಹೋದದ್ದೂ ಉಂಟು. ಈಗ ಆಕಾಶವಾಣಿಯಲ್ಲಿ ಹಳೇ ಹಾಡು ಅಷ್ಟೇ.

ಗಂಗಾವತಿ ಗದ್ದೆ

ಆಂಟಿಯವರ ಮಾತು ಓದಿ ಖುಷಿಯಾಯಿತು. ಆದರೆ ನ್ಯೂಸ್ ಬಂದ್ ಮಾಡುವ ಸೌಕರ್ಯ ಎಲ್ಲರಿಗೂ ಇಲ್ಲ ನೋಡ್ರಿ.

ನಾವು ತುಂಗಭದ್ರಾ ಎಡದಂಡೆ ಕಾಲುವೆ ನಂಬಿದವರು. ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಎಷ್ಟು ದಿನ ಬಿಡುತ್ತಾರೆ, ಎರಡನೇ ಬೆಳೆಗೆ ಇದೆಯೋ ಇಲ್ಲವೋ, ಇದೆಲ್ಲ ಐಸಿಸಿ, ಅಂದರೆ ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ ತೀರ್ಮಾನ ಆಗುತ್ತದೆ. ಮಂತ್ರಿಗಳು, ಶಾಸಕರು, ಅಧಿಕಾರಿಗಳು ಕೂತು ಮಾಡುವ ಸಭೆ. ಅದು ನಿಮಗೆ ರಾಜಕೀಯ ಸುದ್ದಿ. ನಮಗೆ ಸಸಿ ಮಡಿ ಹಾಕಬೇಕೋ ಬೇಡವೋ ಅನ್ನೋ ಪ್ರಶ್ನೆ.

2023ರಲ್ಲಿ ಬರ. 2024ರಲ್ಲಿ ಮಳೆ ಚೆನ್ನಾಗಿ ಬಂದು ಡ್ಯಾಂ ತುಂಬಿತು. ನಾಟಿ ನಡೆದಿತ್ತು. ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಕೊಂಡು ಹೋಯಿತು. ಇರುವುದು 33 ಗೇಟು, ಹೋದದ್ದು ಒಂದು. ಆದರೆ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆಗೆದು ನೀರು ಹೊರಗೆ ಬಿಡಬೇಕಾಯಿತು. ವರ್ಷವಿಡೀ ಕಾದ ನೀರು ಕಣ್ಣೆದುರಿಗೇ ನದಿಗೆ ಹರಿದು ಹೋಗುವುದನ್ನು ನೋಡುವುದಿದೆಯಲ್ಲ, ಅದನ್ನು ಶತ್ರುವಿಗೂ ಬೇಡ ಅನ್ನಬೇಕು.

ಆ ವಾರ ಟಿವಿಯಲ್ಲಿ ಏನಿತ್ತು? ಇವರು ಅವರ ಮೇಲೆ, ಅವರು ಇವರ ಮೇಲೆ. ಡ್ಯಾಂ ನೋಡಿಕೊಳ್ಳುವ ಮಂಡಳಿ ಕೇಂದ್ರದ್ದು ಅಂತ ಒಬ್ಬರು, ರಾಜ್ಯ ಏನು ಮಾಡುತ್ತಿತ್ತು ಅಂತ ಇನ್ನೊಬ್ಬರು. ನೋಡಿ ಮೈಯೆಲ್ಲ ಉರಿಯಿತು. ಅದೇ ಟಿವಿಯಲ್ಲಿ ಕನ್ನಯ್ಯ ನಾಯ್ಡು ಅವರನ್ನೂ ನೋಡಿದೆವು. ವಯಸ್ಸಾದ ತಜ್ಞರು, ಹರಿಯುವ ನೀರಿನಲ್ಲೇ ಗೇಟಿನ ಬದಲು ನೀರು ತಡೆಯುವ ಉಕ್ಕಿನ ಹಲಗೆ, ಅಂದರೆ ಸ್ಟಾಪ್‌ಲಾಗ್ ಇಳಿಸೋಣ ಅಂತ ಅಲ್ಲೇ ಠಿಕಾಣಿ ಹೂಡಿದರು. ಆಗಸ್ಟ್ 16ರಂದು ಮೊದಲನೇ ಸ್ಟಾಪ್‌ಲಾಗ್ ಕೂತಿತು. ನಮ್ಮ ಓಣಿಯಲ್ಲಿ ಒಬ್ಬರು ಮೊಬೈಲ್ ಹಿಡಿದು "ಕೂತ್ತು! ಕೂತ್ತು!" ಅಂತ ಕೂಗುತ್ತಾ ಓಡಿ ಬಂದರು. ಚಹಾದ ಅಂಗಡಿಯವ ಆ ಹೊತ್ತಿಗೆ ಯಾರ ಹತ್ತಿರವೂ ದುಡ್ಡು ತಗೊಳ್ಳಲಿಲ್ಲ. ಆಮೇಲೆ ಮಳೆಯೂ ಕೈ ಹಿಡಿಯಿತು, ಡ್ಯಾಂ ಮತ್ತೆ ತುಂಬಿತು.

ಈಗ ಹೇಳಿ, ನ್ಯೂಸ್ ಬಂದ್ ಮಾಡಿದ್ದರೆ ನನಗೆ ಸಿಟ್ಟು ತಪ್ಪುತ್ತಿತ್ತು. ಆ ಖುಷಿಯೂ ತಪ್ಪುತ್ತಿತ್ತು.

ಮಂಡ್ಯದ ಮೇಷ್ಟ್ರು

ಗಂಗಾವತಿಯವರ ಮಾತಿಗೆ ನನ್ನದೂ ಒಂದು ಸಹಿ. ನಿವೃತ್ತಿಯಾದ ಮೇಲೆ ಪೇಪರ್‌ನಲ್ಲಿ ನಾನು ಮೊದಲು ನೋಡೋದು ಮುಖಪುಟ ಅಲ್ಲ, ಒಳಗಿನ ಜಲಾಶಯ ಮಟ್ಟದ ಸಣ್ಣ ಚೌಕ. ಕನ್ನಂಬಾಡಿ ಗರಿಷ್ಠ 124.80 ಅಡಿ. ಜುಲೈನಲ್ಲಿ ಆ ಅಂಕಿ ದಿನಾ ಏರುತ್ತಾ ಹೋದರೆ ಕಾಫಿಗೆ ಸಕ್ಕರೆ ಕಮ್ಮಿಯಾದರೂ ಗೊತ್ತಾಗಲ್ಲ. 2025ರಲ್ಲಂತೂ ಜೂನ್ 30ಕ್ಕೇ ಬಾಗಿನ ಬಿಟ್ಟರು. ಅಷ್ಟು ಬೇಗ ತುಂಬಿದ್ದನ್ನು ನಾನಂತೂ ನೋಡಿರಲಿಲ್ಲ. ಆ ಖುಷಿಯ ಹಿಂದೆಯೇ ಒಂದು ನಗು ಬರುತ್ತೆ. ಮಳೆ ಬಂದರೆ ತಮ್ಮ ನಾಯಕರ ಕಾಲ್ಗುಣ ಅಂತಾರೆ. ಬರದಿದ್ದರೆ ಎದುರು ಪಕ್ಷದವರ ಕಾಲ್ಗುಣ. ಕಾವೇರಮ್ಮ ಯಾವ ಪಕ್ಷದ ಸದಸ್ಯೆ ಅಂತ ಇನ್ನೂ ಯಾರಿಗೂ ತಿಳಿದಿಲ್ಲ!

ರಾಜಕೀಯ ಮತ್ತು ಮನೆಯ ಖುಷಿ ಒಟ್ಟಿಗೆ ಬಂದು ಡಿಕ್ಕಿ ಹೊಡೆದದ್ದು ಅಂದ್ರೆ ನನಗೆ 2018ರ ಮೇ 19 ನೆನಪಾಗುತ್ತೆ. ಶನಿವಾರ. ನಮ್ಮ ಅಣ್ಣನ ಮಗಳ ಮದುವೆ. ಅತಂತ್ರ ಫಲಿತಾಂಶ, 104 ಸ್ಥಾನ ಬಂದ ಬಿಜೆಪಿಯ ಯಡಿಯೂರಪ್ಪನವರು 17ಕ್ಕೆ ಪ್ರಮಾಣವಚನ ತಗೊಂಡಿದ್ದರು, 19ಕ್ಕೆ ಬಹುಮತ ತೋರಿಸಬೇಕಿತ್ತು. ಛತ್ರದಲ್ಲಿ ಮುಯ್ಯಿ ಬರೆಸಿಕೊಳ್ಳುವ ರೂಮಿನಲ್ಲಿ ಒಂದು ಟಿವಿ. ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಅಲ್ಲೇ. ಮುಯ್ಯಿ ಬರೆಯುವ ಹುಡುಗ ಹೆಸರು ಬರೆದು ಮೊತ್ತ ಬರೆಯೋದನ್ನೇ ಮರೆಯುತ್ತಿದ್ದ. ಊಟ ಮುಗಿದು, ಹೆಣ್ಣು ಒಪ್ಪಿಸಿಕೊಡುವ ಹೊತ್ತು. ಅತ್ತ ಸದನದಲ್ಲಿ ಭಾಷಣ ಮಾಡಿ ರಾಜೀನಾಮೆ ಅಂದುಬಿಟ್ಟರು. ಹೊರಗೆ ಯಾರೋ ಪಟಾಕಿ ಹಚ್ಚಿದರು. ಓಲಗದವರು ಹುಡುಗಿ ಹೊರಟಳು ಅಂದುಕೊಂಡು ಊದೋಕೆ ಶುರು ಮಾಡಿದರು. ಒಳಗೆ ಅತ್ತಿಗೆ ಇನ್ನೂ ಮಡಿಲಕ್ಕಿ ಕಟ್ಟುತ್ತಿದ್ದರು. ಗಂಡಿನ ತಂದೆಯ ಮುಖದಲ್ಲಿ ನಗು, ನಮ್ಮಣ್ಣನ ಮುಖ ಸಪ್ಪಗೆ. ಅದು ಮಗಳು ಹೋಗುವುದಕ್ಕೋ ಸರ್ಕಾರ ಹೋದದ್ದಕ್ಕೋ, ಇವತ್ತಿಗೂ ಹೇಳಿಲ್ಲ.

ಆಮೇಲೆ ಬಂದ ಸಮ್ಮಿಶ್ರ ಸರ್ಕಾರ 2019ರ ಜುಲೈ 23ಕ್ಕೆ ವಿಶ್ವಾಸಮತದಲ್ಲಿ 99–105ರಲ್ಲಿ ಬಿತ್ತು. ಆಗ ಆ ಜೋಡಿಯ ಕೂಸಿನ ನಾಮಕರಣ ಆಗಿತ್ತಷ್ಟೆ. ಈ ಸಲ ಬೀಗರು ಸಪ್ಪಗಿದ್ದರು.

ಧಾರವಾಡದ ಅಕ್ಕ

ಮೇಷ್ಟ್ರೇ, ಓದಿ ನಕ್ಕು ನಕ್ಕು ಸಾಕಾಯಿತು.

ತುಮಕೂರಿನವರಿಗೆ ಒಂದು ಮಾತು ಕೇಳಲೇಬೇಕು. ಬೇಜಾರು ಮಾಡಿಕೊಳ್ಳಬ್ಯಾಡ್ರಿ. ಖುಷಿ ನಿಮ್ಮ ಅಮ್ಮನದು, ಸಿಟ್ಟು ನಿಮ್ಮದು ಅಂತ ನೀವೇ ಹಂಚಿಬಿಟ್ಟಿದ್ದೀರಿ. ಅಮ್ಮನನ್ನು ಕೇಳಿದ್ದೀರಾ? ಅವರಿಗೂ ಸಿಟ್ಟು ಇರಬಹುದಲ್ಲ?

ನಮ್ಮ ಅತ್ತೆಯದು ಹೇಳುತ್ತೇನೆ. ಸರ್ಕಾರ ಮನೆಯೊಡತಿಗೆ ತಿಂಗಳಿಗೆ ಕೊಡುವ ಗೃಹಲಕ್ಷ್ಮಿಯ 2000 ರೂಪಾಯಿ ಬಂದ ತಿಂಗಳು ಮೊಮ್ಮಗನಿಗೆ ಬಾಳೆಹಣ್ಣು, ತಮಗೆ ಮಂಡಿನೋವಿನ ಎಣ್ಣೆ, ಉಳಿದದ್ದು ಓಣಿಯ ಚೀಟಿಗೆ. ಬರದ ತಿಂಗಳು ಬ್ಯಾಂಕಿಗೆ ಎರಡು ಸಲ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿ, ಮನೆಗೆ ಬಂದು ಎಲ್ಲರನ್ನೂ ಬೈಯುತ್ತಾರೆ. ಕೊಟ್ಟವರನ್ನೂ ಬೈಯುತ್ತಾರೆ, "ಬಿಟ್ಟಿ ಭಾಗ್ಯ" ಅಂದ ನಮ್ಮ ಮಾವನನ್ನೂ ಬೈಯುತ್ತಾರೆ. "ನಲವತ್ತು ವರ್ಷ ನಿಮ್ಮ ಮನೆಯಲ್ಲಿ ರೊಟ್ಟಿ ಬಡಿದೆ, ಅದೇನು ಪಗಾರಿಗೆ ಬಡಿದೆನಾ?" ಅಂದ ದಿನ ಮಾವ ತಟ್ಟೆ ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋಗಿ ಉಂಡರು.

ನನಗೇ ಕೇಳಿದರೆ, ದುಡ್ಡು ಬರುವುದು ಒಳ್ಳೆಯದು, ಹೇಳಿದ ದಿನಕ್ಕೆ ಬಾರದಿರುವುದು ಕೆಟ್ಟದ್ದು. ಇದರಲ್ಲಿ ಗೊಂದಲ ಏನಿದೆ? ಗಂಡಸರು ಸುಮ್ನೆ ಜಾಸ್ತಿ ಯೋಚನೆ ಮಾಡುತ್ತಾರೆ.

ತುಮಕೂರು ಪ್ಯಾಸೆಂಜರ್

ಅಕ್ಕ, ನಿಮ್ಮ ಮಾತು ಓದಿ ರಾತ್ರಿ ಊಟದ ಹೊತ್ತಿಗೆ ಅಮ್ಮನನ್ನು ಕೇಳಿಯೇಬಿಟ್ಟೆ.

ಅಮ್ಮನ ದೂರಿನ ಪಟ್ಟಿ ನನ್ನದಕ್ಕಿಂತ ಉದ್ದ ಇದೆ. ಕೈ ಅಡ್ಡ ಹಾಕಿದರೂ ಕೆಲವು ಡ್ರೈವರ್‌ಗಳು ಹೆಂಗಸರನ್ನು ನೋಡಿ ಬಸ್ ನಿಲ್ಲಿಸದೆ ಮುಂದೆ ಹೋಗುತ್ತಾರಂತೆ. ಬಸ್ ಒಳಗೆ ಯಾರಾದರೂ "ಫ್ರೀ ಅಂತ ಎಲ್ಲರೂ ಹೊರಟುಬಿಡ್ತಾರೆ" ಅಂದರೆ ಕಿವಿಗೆ ಬೀಳುತ್ತಂತೆ. "ಅರ್ಧ ಟಿಕೆಟ್ ತಗೊಂಡು ಇನ್ನೆರಡು ಬಸ್ ಬಿಡಲಿ, ನಾನು ಬೇಡ ಅಂದ್ನಾ?" ಅಂದರು. ಹಾಗಾದರೆ ವೋಟು ಯಾರಿಗೆ ಹಾಕ್ತೀಯಮ್ಮ ಅಂದೆ. "ಬಸ್ಸು ಬೇರೆ, ವೋಟು ಬೇರೆ. ನಿಮ್ಮಪ್ಪಂಗೇ ಹೇಳಿಲ್ಲ, ನಿಂಗೆ ಹೇಳ್ತೀನಾ?" ಅಂತ ಮಜ್ಜಿಗೆ ಬಡಿಸಿದರು.

ಬಾಡಿಗೆ ಮನೆ ಬೆಂಗಳೂರು

ಅಮ್ಮನಿಗೆ ದೊಡ್ಡ ನಮಸ್ಕಾರ.

ನನ್ನದು ಮೆಟ್ರೋ ಕಥೆ. ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಕೆಲಸ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಜೀವನದ ಒಂದು ಭಾಗವನ್ನೇ ಕಳೆದವನು. ಹಳದಿ ಮಾರ್ಗ ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಪ್ರತಿ ಗಡುವೂ ಮುಂದೆ ಹೋಗುತ್ತಿತ್ತು. ಕೊನೆಗೆ 2025ರ ಆಗಸ್ಟ್ 10ರಂದು ಪ್ರಧಾನಿ ಬಂದು ಉದ್ಘಾಟನೆ ಮಾಡಿದರು. ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ 19 ಕಿಲೋಮೀಟರ್ ಚಿಲ್ಲರೆ, 16 ನಿಲ್ದಾಣ. ಶುರುವಿನಲ್ಲಿ ಮೂರೇ ರೈಲು, 25 ನಿಮಿಷಕ್ಕೊಂದು. ಆದರೂ ಮೇಲಿನಿಂದ ಸಿಲ್ಕ್ ಬೋರ್ಡ್ ಟ್ರಾಫಿಕ್ ನೋಡುತ್ತಾ ದಾಟುವ ಸುಖ ಇದೆಯಲ್ಲ! ಮೊದಲ ವಾರ ಆ ಜಾಗ ಬಂದಾಗ ಬೋಗಿಯಲ್ಲಿದ್ದವರೆಲ್ಲ ಕಿಟಕಿ ಕಡೆ ತಿರುಗಿ ಕೆಳಗೆ ನಿಂತ ವಾಹನಗಳನ್ನು ನೋಡುತ್ತಿದ್ದರು. ಕಿಡಿಗೇಡಿ ಖುಷಿ ಅದು, ಒಪ್ಪಿಕೊಳ್ಳೋಣ.

ಉದ್ಘಾಟನೆಯ ದಿನ ಯಾರ ಪಾಲು ಎಷ್ಟು ಅಂತ ಕೇಂದ್ರ, ರಾಜ್ಯ ಎರಡೂ ಕಡೆಯವರು ಲೆಕ್ಕ ಹೇಳಿದರು. ಅದಕ್ಕೂ ಮುಂಚೆ ಫೆಬ್ರವರಿಯಲ್ಲಿ ದರ ಏರಿದಾಗ, ಗರಿಷ್ಠ 60 ಇದ್ದದ್ದು 90 ಆದಾಗ, "ನಾವಲ್ಲ, ಅವರು" ಅಂತ ಇಬ್ಬರೂ ಕೈ ತೋರಿಸಿದ್ದರು. ರಿಬ್ಬನ್‌ಗೆ ಇಬ್ಬರು ಅಪ್ಪಂದಿರು, ದರಕ್ಕೆ ಒಬ್ಬರೂ ಇಲ್ಲ.

ಇನ್ನು ಬೀದಿಯ ಗುಂಡಿ ಬಗ್ಗೆ ಯಾರನ್ನು ಕೇಳೋದು? ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ವಿಧಾನಸಭೆಯ ಕುರ್ಚಿ ಬಗ್ಗೆ ದಿನಾ ಗಂಟೆಗಟ್ಟಲೆ ಚರ್ಚೆ, ನಮ್ಮ ವಾರ್ಡಿನ ಕುರ್ಚಿ ಖಾಲಿ ಇದ್ದದ್ದು ಯಾರಿಗೂ ಸುದ್ದಿಯೇ ಅಲ್ಲ. ಅದೊಂದಕ್ಕೆ ಮಾತ್ರ ನನಗೆ ಮಿಶ್ರ ಭಾವನೆ ಇಲ್ಲ, ಪೂರ್ತಿ ಸಿಟ್ಟು.

ಇನ್ನೊಂದು ಮರೆತೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿಸಿದರಲ್ಲ. ಬಸ್ಸು, ಮೆಟ್ರೋ, ಹಾಲು ಎಲ್ಲಾ ಒಂದೇ ವರ್ಷ. ನಮ್ಮಂಥ ಸಂಬಳದವರು ಎಲ್ಲಿ ಹೋಗೋದು?

ಕುಡ್ಲದ ಮೀನು

ನಾನು ಜಾಸ್ತಿ ಬರೆಯುವುದಿಲ್ಲ ಮಾರಾಯ್ರೆ.

ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್. ಆಗಸ್ಟ್‌ನಲ್ಲಿ ಬೋಟುಗಳು ಇಳಿದ ಮೇಲೆ ಮಾರ್ಕೆಟಿಗೆ ಹೋಗಿ ಒಳ್ಳೆ ಬಂಗುಡೆ ಆರಿಸುವುದು ನನ್ನ ಖುಷಿ. ಮೀನಿನ ಅಕ್ಕನ ಹತ್ತಿರ ಚೌಕಾಸಿ, "ನಿಮಗೆ ಅಂತ ಇಟ್ಟದ್ದು" ಅಂತ ಅವರ ಸುಳ್ಳು, ನಮಗೆ ಇಬ್ಬರಿಗೂ ಗೊತ್ತಿರುವ ಸುಳ್ಳು.

ಒಂದು ಸಲ ಹಾಗೆ ಆರಿಸುತ್ತಿರುವಾಗ ಮುಂಬೈಯಿಂದ ದೊಡ್ಡಮ್ಮನ ಫೋನ್. "ಅಲ್ಲಿ ಗಲಾಟೆಯಂತೆ, ಟಿವಿಯಲ್ಲಿ ಊರೇ ಹೊತ್ತಿ ಉರಿದ ಹಾಗೆ ತೋರಿಸ್ತಿದ್ದಾರೆ, ಬಾಗಿಲು ಹಾಕಿಕೊಂಡು ಕೂತಿರು" ಅಂತ. ನಾನು ಮಾರ್ಕೆಟಿನಲ್ಲಿ ನಿಂತು ನಗಾಡಿದೆ. ಏನೂ ಇಲ್ಲ ದೊಡ್ಡಮ್ಮ, ಬಂಗುಡೆ ತಗೊಳ್ತಾ ಇದ್ದೇನೆ ಅಂದೆ. ಆದರೆ ಮೀನು ಕ್ಲೀನ್ ಮಾಡಿಕೊಡುವ ಹುಡುಗ ಆ ದಿನ ಬಂದಿರಲಿಲ್ಲ. ಮರುದಿನವೂ ಬರಲಿಲ್ಲ. ಟಿವಿ ದೊಡ್ಡದು ಮಾಡುತ್ತದೆ, ಖಂಡಿತ. ಹಾಗಂತ ಏನೂ ಇಲ್ಲ ಅಂತ ನಾನು ಹೇಳಿದ್ದೂ ಪೂರ್ತಿ ಸರಿಯಾ? ಅವನು ಬಂದ ಮೇಲೆ ಯಾಕೆ ಬರಲಿಲ್ಲ ಅಂತ ಕೇಳಬೇಕು ಅಂದುಕೊಂಡೆ. ಅವನು ಎಂದಿನ ಹಾಗೆ "ತಲೆ ಬೇಕಾ, ಬಿಸಾಡುವುದಾ?" ಅಂದ. ಬೇಕು ಅಂದೆ. ಅಷ್ಟೇ ಆಯಿತು.

ದುಬೈ ಶಿಫ್ಟ್

ಇಲ್ಲಿ ಕೂತರೆ ಊರಿನ ಸುದ್ದಿಗೆ ಸೌಂಡ್ ಜಾಸ್ತಿ. ಊರಲ್ಲಿದ್ದರೆ ಸುದ್ದಿಯ ಪಕ್ಕದಲ್ಲೇ ತರಕಾರಿ ಗಾಡಿ, ನೆಂಟರು, ಹಬ್ಬ ಎಲ್ಲಾ ಇರುತ್ತೆ. ಇಲ್ಲಿ ಮೊಬೈಲ್‌ನಲ್ಲಿ ಬರೋದು ಜಗಳ ಮಾತ್ರ. ನಮ್ಮ ರೂಮಿನಲ್ಲಿ ನಾಲ್ಕು ಜನ, ನಾಲ್ಕೂ ಜಿಲ್ಲೆ. 2023ರ ಮೇ 13ರಂದು ಕಾಂಗ್ರೆಸ್ 135 ಗೆದ್ದಾಗ ಇಬ್ಬರು ಮಾತು ಬಿಟ್ಟರು, ಅನ್ನ ಮಾಡುವ ಸರದಿ ಬಂದಾಗ ಮತ್ತೆ ಮಾತಾಡಿದರು.

ವೋಟು ಹಾಕಬೇಕೆಂದರೆ ಊರಿಗೇ ಬಂದು ಕ್ಯೂ ನಿಲ್ಲಬೇಕು, ಇಲ್ಲಿಂದ ಹಾಕೋ ವ್ಯವಸ್ಥೆ ಇಲ್ಲ. ವಿಮಾನದ ಟಿಕೆಟ್ ರೇಟು ನೋಡಿ ವಾದ ಮಾತ್ರ ಇಲ್ಲಿಂದಲೇ ಮಾಡ್ತೀವಿ.

ಬಸವನಗುಡಿ ಆಂಟಿ

ಗಂಗಾವತಿ ತಮ್ಮಾ, ನಿಮ್ಮ ಮಾತು ಒಪ್ಪಿದೆ. ಆದರೆ ಅರ್ಧ ಮಾತ್ರ. ನಿಮಗೆ ಬೇಕಾದ್ದು ಡ್ಯಾಂ ಸುದ್ದಿ. ಅದು ಸಿಗೋಕೆ ನೀವು ಎಷ್ಟು ಹೊತ್ತು ಕಿರುಚಾಟ ಕೇಳಬೇಕಾಯಿತು ಹೇಳಿ? ನನ್ನ ತಕರಾರು ಆ ಕಿರುಚಾಟದ ಮೇಲೆ.

ಗಂಗಾವತಿ ಗದ್ದೆ

ಅದು ನಿಜ ಆಂಟಿ. ಅದಕ್ಕೇ ಈಗ ನಾವು ಟಿವಿ ಬದಲು ಕಾಲುವೆಯ ಗ್ಯಾಂಗ್‌ಮನ್‌ಗೆ ಫೋನ್ ಮಾಡುತ್ತೇವೆ. ಮಂತ್ರಿ ಹೇಳಿದ ದಿನಕ್ಕಿಂತ ಅವನು ಹೇಳಿದ ದಿನ ನಂಬಿಕೆ ಜಾಸ್ತಿ.

ಹಾಸನದ ಹಾಲು

ಬೆಂಗಳೂರಿನ ಬಾಡಿಗೆ ಮನೆಯವರಿಗೆ. ಅಣ್ಣಾ, ನೀವು ಕೊಡೋ ಆ 4 ರೂಪಾಯಿಯ ಇನ್ನೊಂದು ತುದಿಯಲ್ಲಿ ನಾನಿದ್ದೀನಿ. ಎರಡು ಸೀಮೆಹಸು, ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕ್ತೀನಿ.

ಆವತ್ತು ಸುದ್ದಿ ಕೇಳಿ ನಮ್ಮ ಡೈರಿ ಕ್ಯೂನಲ್ಲಿ ಎಲ್ಲರ ಮುಖವೂ ಅರಳಿತ್ತು. ಅದೇ ದಿನ ಬೆಂಗಳೂರಿನಲ್ಲಿರೋ ನನ್ನ ತಂಗಿ ಫೋನ್ ಮಾಡಿ ನಿಮ್ಮ ಹಾಗೇ ಬೈದಳು. ಎರಡು ಮಕ್ಕಳು, ಗಾರ್ಮೆಂಟ್ಸ್ ಕೆಲಸ, ಅವಳು ಬೈಯೋದರಲ್ಲೂ ತಪ್ಪಿಲ್ಲ. ಒಂದೇ ಹೊಟ್ಟೇಲಿ ಹುಟ್ಟಿದವರು, ಒಂದೇ ಸುದ್ದಿ. ಏನಂತ ಹೇಳಲಿ? "ಊರಿಗೆ ಬಾ, ಗಿಣ್ಣು ಮಾಡ್ತೀನಿ" ಅಂದೆ. ಆಗಷ್ಟೇ ಹಸು ಕರು ಹಾಕಿತ್ತು. ಈಯ್ದ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ, ಅಕ್ಕಪಕ್ಕದ ಮನೆಗೆಲ್ಲ ಒಂದೊಂದು ತುಂಡು ಕೊಟ್ಟು ಬರೋದು ನಮ್ಮಲ್ಲಿ ರೂಢಿ. ಅದನ್ನು ಮಾರೋ ಹಾಗಿಲ್ಲ. ನನ್ನ ಸಣ್ಣ ಖುಷಿ ಅದೇ.

ಬಾಡಿಗೆ ಮನೆ ಬೆಂಗಳೂರು

ಅಕ್ಕ, ನಿಮಗೆ ತಲುಪುತ್ತೆ ಅಂದ್ರೆ ಆ 4 ರೂಪಾಯಿ ಕೊಡೋಕೆ ನನಗೆ ಬೇಜಾರಿಲ್ಲ. ನಿಜವಾಗಲೂ ತಲುಪಿತಾ?

ಹಾಸನದ ಹಾಲು

ಬಟವಾಡೆ ಚೀಟಿಯಲ್ಲಿ ರೇಟು ಏರಿದ್ದು ನಿಜ ಅಣ್ಣಾ. ಆದರೆ ಹಿಂಡಿ, ಬೂಸಾ ಅಂಗಡಿಯವನೂ ಅದೇ ಪೇಪರ್ ಓದ್ತಾನೆ. ಮೇಲಾಗಿ ಫ್ಯಾಟ್ ಕಮ್ಮಿ ಬಂತು ಅಂತ ಬರೆದರೆ ಏರಿದ್ದು ಅಲ್ಲೇ ಇಳಿಯಿತು. ಉಳಿದದ್ದು ಎಷ್ಟು ಅಂತ ಕೂತು ಲೆಕ್ಕ ಹಾಕಿಲ್ಲ. ಕ್ಯಾನ್ ತೊಳೀಬೇಕು, ಬರ್ತೀನಿ.